ಒಬ್ಬನೇ ಆದರೂ ಡಬಲ್ಸ್

ಪ್ಯಾಂಟು ಹೊಲಿಯುವ ದರ್ಜಿಯನ್ನು ಇಡೀ ಬೀದಿ ‘ಡಬಲ್ಸ್’ ಎಂದು ಕರೆಯುತ್ತಿತ್ತು. ಆಳು ನೋಡಿದರೆ ಅರ್ಧಕ್ಕೂ ಸಾಲದು. ಸಪೂರ ಮೈ, ಸಣ್ಣ ಹೆಗಲು, ಬೆಲ್ಟು ಬಿಗಿದರೂ ಪ್ಯಾಂಟು ನಿಲ್ಲದ ಸೊಂಟ. ಊರವರ ಪ್ಯಾಂಟನ್ನೆಲ್ಲ ಅಳತೆಗೆ ಸರಿಯಾಗಿ ಹೊಲಿದುಕೊಡುವವನು ತನ್ನದನ್ನು ಮಾತ್ರ ಆಗಾಗ ಎಡಗೈಯಲ್ಲಿ ಮೇಲೆಳೆದುಕೊಳ್ಳುತ್ತಿದ್ದ. ಅಂಥವನಿಗೆ ಅಂಥ ಹೆಸರು ಬಂದದ್ದಕ್ಕೆ ಕಾರಣ, ಮೂವತ್ತು ವರ್ಷದಿಂದ ಅವನು ಬೀದಿಯ ತುದಿಯ ಶಟಲ್ ಬ್ಯಾಡ್ಮಿಂಟನ್ ಹಾಲಿನಲ್ಲಿ ಆಡುತ್ತಿದ್ದದ್ದು ಡಬಲ್ಸ್ ಒಂದನ್ನೇ. ಯಾರಾದರೂ ಬಾಯಿ ತಪ್ಪಿ "ಏನಣ್ಣ, ಇವತ್ತು ಡಬಲ್ ಆಡಿದ್ರಾ?" ಎಂದರೆ ಮುಗಿಯಿತು, ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಪಾಠಕ್ಕೆ ನಿಲ್ಲುತ್ತಿದ್ದ.

"ಡಬಲ್ ಅಲ್ಲ, ಡಬಲ್ಸ್. ಕೊನೇಲಿ ಎಸ್ ಬರ್ಬೇಕು."

"ಒಂದು ಎಸ್ಸು ಬಿಟ್ರೆ ಏನಾಗುತ್ತಣ್ಣ?"

"ಒಂದು ಗುಂಡಿ ಬಿಟ್ರೆ ಪ್ಯಾಂಟಿಗೆ ಏನಾಗುತ್ತೆ? ಹಾಗೇ ಹಾಕ್ಕೊಂಡು ಬೀದಿಗೆ ಹೋಗಿ ನೋಡು."

ಇಂಗ್ಲಿಷಿನ ಆಟಗಳ ಹೆಸರಿನ ಮೇಲೆ ಅವನಿಗೊಂದು ಹಳೆಯ ತಕರಾರಿತ್ತು. ಹನ್ನೊಂದು ಜನ ಬಿಸಿಲಲ್ಲಿ ನಿಂತು ಆಡುವ ಕ್ರಿಕೆಟ್ಟಿಗೆ ಎಸ್ ಇಲ್ಲ. ಒಬ್ಬ ಕೋಲು ಹಿಡಿದು ಬಗ್ಗಿ, ಇನ್ನೊಬ್ಬ ಆಕಳಿಸುತ್ತ ಕೂರುವ ಬಿಲಿಯರ್ಡ್ಸಿಗೆ ಇದೆ. ಗೋಡೆಯ ಮೇಲಿನ ಹಲಗೆಗೆ ಮುಳ್ಳು ಎಸೆಯುವ ಡಾರ್ಟ್ಸಿಗೂ ಇದೆ. ಅದೆಲ್ಲ ಹೋಗಲಿ, ಒಬ್ಬನೇ ನಿಂತು ಆಡುವುದಕ್ಕೆ ಸಿಂಗಲ್ಸ್ ಎನ್ನುತ್ತಾರಲ್ಲ, ಒಬ್ಬ ಅದು ಹೇಗೆ ಹಲವರಾದ? ಇಂಗ್ಲಿಷ್ ಪತ್ರಿಕೆಯ ಆಟದ ಪುಟದಲ್ಲಿ ಒಂದು ದಿನ ತಂಡ ‘ಈಸ್’ ಆಗಿರುತ್ತದೆ, ಮಾರನೆಯ ದಿನ ಅದೇ ತಂಡ ‘ಆರ್’ ಆಗಿರುತ್ತದೆ. ಗೆದ್ದ ದಿನ ಎಲ್ಲರೂ ಒಂದು, ಸೋತ ದಿನ ತಪ್ಪು ಅವನದು ಇವನದು ಎಂದು ಬೇರೆ ಬೇರೆ, ಅದಕ್ಕೇ ಹಾಗೆ ಬರೆಯುತ್ತಾರೆ ಎಂಬುದು ಅವನ ತೀರ್ಮಾನ. ತಪ್ಪು ತೀರ್ಮಾನವೇ ಇರಬಹುದು, ಆದರೆ ಅದನ್ನು ಅವನು ಹೇಳುವ ಗತ್ತಿಗೆ ಪತ್ರಿಕೆಯವರೂ ಒಪ್ಪಬೇಕು.

ಅಂಗಡಿಯ ಒಳಗೆ ಕೂತು ಗುಂಡಿಗೆ ಕಾಜಾ ಕಟ್ಟುತ್ತಿದ್ದ ಅವನ ಹೆಂಡತಿ ತಲೆ ಎತ್ತದೆ ಹೇಳುತ್ತಿದ್ದಳು. "ಅವರ ಮನೆ ಎಸ್ಸು, ಎಲ್ಲಿ ಬೇಕಾದ್ರೂ ಇಟ್ಕೋತಾರೆ. ನೀವು ಮೊದ್ಲು ಆ ಗಿರಾಕಿ ಪ್ಯಾಂಟಿಗೆ ಜೇಬಿಡ್ರೀ. ನಾಳೆ ಬಂದು ಕೈ ಎಲ್ಲಿಡ್ಲಿ ಅಂತಾನೆ."

ಈ ತಕರಾರಿಗೆ ಸಮಾಧಾನ ಹೇಳಿದವನು ಒಬ್ಬನೇ. ಎದುರು ಸಾಲಿನ ಕನ್ನಡಕದಂಗಡಿಯವನು. ಡಬಲ್ಸಿನ ಇನ್ನೊಂದು ಅರ್ಧ ಅವನೇ. ದುಂಡು ಮುಖ, ನಿಧಾನದ ಮಾತು, ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸುವ ಅಭ್ಯಾಸ. ಒಂದು ಮಧ್ಯಾಹ್ನ ದರ್ಜಿಯ ಕತ್ತರಿಯನ್ನು ಕೈಗೆತ್ತಿಕೊಂಡು ತೆರೆದು ಮುಚ್ಚಿ ತೋರಿಸಿದ.

"ಲೋ ದರ್ಜಿ, ಇಲ್ಲಿ ನೋಡು. ಕತ್ತರಿಗೆ ಇಂಗ್ಲಿಷಲ್ಲಿ ಎಸ್ ಇದೆ. ನೀನು ಹೊಲಿಯೋ ಪ್ಯಾಂಟಿಗೆ ಇದೆ. ನಾನು ಮಾರೋ ಗ್ಲಾಸಿಗೂ ಇದೆ. ಎಲ್ಲಾ ಒಂದೊಂದೇ ವಸ್ತು, ಆದ್ರೆ ಎರಡು ಅರ್ಧ ಸೇರಿ ಆಗಿದ್ದು. ಬಿಡಿಸಿದ್ರೆ ಎರಡೂ ದಂಡ. ಒಂದು ಕಾಲಿನ ಪ್ಯಾಂಟು ಯಾರು ಹಾಕ್ಕೋತಾರೆ?"

"ಹಾಗಾದ್ರೆ ನಾವಿಬ್ರು?"

"ನಾವೂ ಅಷ್ಟೇ ಕಣೋ. ಒಂದು ಪ್ಯಾಂಟು."

ಮೂವತ್ತು ವರ್ಷದ ಸ್ನೇಹಕ್ಕೆ ಇಂಥ ಹೋಲಿಕೆ ಯಾರಿಗೆ ಹಿಡಿಸುತ್ತದೋ ಗೊತ್ತಿಲ್ಲ, ದರ್ಜಿಗೆ ಹಿಡಿಸಿತು. ಬಂದ ಗಿರಾಕಿಗಳಿಗೆಲ್ಲ ಹೇಳಿದ. ಅವಸರದಲ್ಲಿದ್ದ ಒಂದಿಬ್ಬರು ಬಟ್ಟೆ ಕೊಡದೆ ಹಾಗೇ ವಾಪಸು ಹೋದರು.

ಆ ಶಟಲ್ ಹಾಲು ದೊಡ್ಡದೇನಲ್ಲ. ಒಂದು ಕಾಲಕ್ಕೆ ಗೋದಾಮಾಗಿದ್ದದ್ದು. ಮರದ ಹಲಗೆಯ ನೆಲ, ತಗಡಿನ ಮಾಡು, ಎರಡು ಅಂಕಣ. ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಬೀದಿಯವರೆಲ್ಲ ಅಲ್ಲಿ ಸೇರುತ್ತಿದ್ದರು. ಕಾರ್ಯದರ್ಶಿ ಹಲ್ಲಿನ ಡಾಕ್ಟರು. ಡಬಲ್ಸ್ ಜೋಡಿ ಅಲ್ಲಿ ಕೆಲವು ವರ್ಷ ಕಪ್ಪು ಗೆದ್ದಿತ್ತು, ಉಳಿದ ವರ್ಷಗಳಲ್ಲಿ ಯಾಕೆ ಗೆಲ್ಲಲಿಲ್ಲ ಎಂಬುದಕ್ಕೆ ಒಳ್ಳೊಳ್ಳೆಯ ಕಾರಣ ಹೇಳಿತ್ತು.

ಡಬಲ್ಸಿನಲ್ಲಿ ಕಷ್ಟವಾದದ್ದು ನಡುವೆ ಬೀಳುವ ಶಟಲ್. ಇಬ್ಬರೂ ಹೋದರೆ ತಲೆಗೆ ತಲೆ ಡಿಕ್ಕಿ, ಇಬ್ಬರೂ ಬಿಟ್ಟರೆ ಎದುರಿನವರಿಗೆ ಪಾಯಿಂಟು. ಅದಕ್ಕೇ ಆಡುವವರು ಕೂಗಬೇಕು, ನಂದು ಅಥವಾ ನಿಂದು. ದರ್ಜಿ ಅಷ್ಟಕ್ಕೇ ನಿಲ್ಲುವವನಲ್ಲ. "ನಿಂದು! ಮೇಲೆ! ಹಿಂದೆ ಹೋಗು, ಹಿಂದೆ! ಬಿಡು ಬಿಡು, ಹೊರಗೆ! ನಂದು! ಈಗ ನಿಂದು, ಎಡಕ್ಕೆ!" ಎಂದು ಶಟಲ್ಲಿನ ಜೊತೆ ಅವನ ಬಾಯಿಯೂ ಹಾರಾಡುತ್ತಿತ್ತು. ಎದುರಿನವರು ಕಿವಿಗೆ ಹತ್ತಿ ಇಟ್ಟುಕೊಂಡು ಬರುತ್ತೇವೆ ಎನ್ನುತ್ತಿದ್ದರು. "ಮಾತು ಬೆಳ್ಳಿ, ಮೌನ ಬಂಗಾರ, ದರ್ಜಿಗಳೇ" ಎಂದು ಹಲ್ಲಿನ ಡಾಕ್ಟರು ಒಮ್ಮೆ ಬುದ್ಧಿ ಹೇಳಿದ್ದರು. "ಬಂಗಾರ ಎಲ್ಲಿದೆ ಸರ್ ನಮ್ಮ ಹತ್ರ, ಇರೋದೇ ಬೆಳ್ಳಿ" ಎಂದು ಇವನು ನಕ್ಕಿದ್ದ. ಕನ್ನಡಕದವನು ಮಾತ್ರ ಒಂದು ದಿನವೂ "ಸಾಕು ಬಾಯಿ ಮುಚ್ಚು" ಎಂದಿರಲಿಲ್ಲ. ಅವನದು ತಡ ಕೂಗಿನ ದೂರು ಮಾತ್ರ. "ಇನ್ನೊಂದು ಚೂರು ಮುಂಚೆ ಹೇಳ್ಬಾರ್ದೇನೋ?" "ಸರಿಯಾಗೇ ಹೇಳ್ದೆ, ನಿನ್ನ ಕಿವೀಲಿ ಏನಿದೆ?" ಇದು ಅವರ ನಿತ್ಯದ ಜಗಳ. ಜಗಳ ಮುಗಿದ ಮೇಲೆ ಒಂದೇ ಟೀಯನ್ನು ಎರಡು ಲೋಟಕ್ಕೆ ಹಾಕಿಸಿಕೊಂಡು ಕುಡಿದು ಮನೆಗೆ ಹೋಗುತ್ತಿದ್ದರು.

ಕಳೆದ ವರ್ಷ ಕನ್ನಡಕದವನ ಆಟ ಕೆಟ್ಟಿತು. ತಲೆಯ ಮೇಲಿನ ಶಟಲ್ ಬಿಟ್ಟ. ಪಕ್ಕದಲ್ಲಿ ಬಿದ್ದದ್ದಕ್ಕೆ ಕೈ ಚಾಚಲೇ ಇಲ್ಲ. ವಯಸ್ಸಾಯಿತು ಪಾಪ, ಎಂದುಕೊಂಡ ದರ್ಜಿ. ತಾನೂ ಅವನಷ್ಟೇ ವಯಸ್ಸಿನವನು ಎಂಬುದು ಅವನಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

"ಏನಾಗಿದೆ ಅಂತ ಬಾಯಿಬಿಟ್ಟು ಕೇಳ್ರೀ" ಎಂದಳು ಹೆಂಡತಿ.

"ಕೇಳಿದ್ರೆ ನೊಂದ್ಕೋತಾನೆ ಕಣೇ."

"ಊರಿಗೆಲ್ಲ ಕೇಳಿಸೋ ಹಾಗೆ ಮಾತಾಡ್ತೀರಿ. ಕೇಳಬೇಕಾದ್ದು ಮಾತ್ರ ಕೇಳಲ್ಲ."

ದರ್ಜಿ ಕೇಳಲಿಲ್ಲ. ಬದಲಿಗೆ ಒಂದು ಮಹಾ ತ್ಯಾಗಕ್ಕೆ ಕೈ ಹಾಕಿದ. ಗೆಳೆಯನಿಗೆ ಅವಮಾನವಾಗದ ಹಾಗೆ ಅಂಕಣವನ್ನೆಲ್ಲ ತಾನೇ ನೋಡಿಕೊಳ್ಳುವುದು. ಮುಂದಿನದೂ ತನ್ನದು, ಹಿಂದಿನದೂ ತನ್ನದು, ಗೆಳೆಯನ ಮೂಗಿನ ಮುಂದಿನದೂ ತನ್ನದು. ಹೀಗೆ ಓಡುವವನಿಗೆ ಕೂಗಲು ಉಸಿರೆಲ್ಲಿ? ಎಲ್ಲವೂ ತನ್ನದೇ ಆದ ಮೇಲೆ ಕೂಗುವುದಾದರೂ ಏನನ್ನು? ಮೂವತ್ತು ವರ್ಷದಲ್ಲಿ ಮೊದಲ ಸಲ ಹಾಲಿನಲ್ಲಿ ಅವನ ಬಾಯಿ ಮುಚ್ಚಿತು. ನೆಲದ ಮೇಲೆ ಬೂಟಿನ ಕಿರಕಿರ ಒಂದೇ ಕೇಳಿಸುತ್ತಿತ್ತು. ಹಲ್ಲಿನ ಡಾಕ್ಟರು ಬೆನ್ನು ತಟ್ಟಿದರು. ದರ್ಜಿಗೆ ಒಳಗೊಳಗೇ ಹೆಮ್ಮೆ. ಇಷ್ಟು ದೊಡ್ಡ ಮನಸ್ಸು ಯಾರಿಗಿದೆ ಎಂದು ಕನ್ನಡಿಯ ಮುಂದೆ ಒಮ್ಮೆ ನಿಂತು ನೋಡಿಕೊಂಡನಂತೆ. ಹೆಂಡತಿ ಹೇಳಿದ ಮಾತು, ಉಪ್ಪು ಖಾರ ಎಷ್ಟಿದೆಯೋ ಗೊತ್ತಿಲ್ಲ.

ಆ ದೊಡ್ಡ ಮನಸ್ಸು ಒಂದು ಸಂಜೆ ಗೆಳೆಯನ ಹಣೆಗೆ ಬಡಿಯಿತು. ಶಟಲ್ ಕನ್ನಡಕದವನ ಎಡಕ್ಕೆ ಇಳಿಯುತ್ತಿತ್ತು. ಅವನು ಅದೇ ದಿಕ್ಕಿಗೆ ಒಂದು ಹೆಜ್ಜೆ ಇಟ್ಟ. ದರ್ಜಿ ಹಿಂದಿನಿಂದ ಸದ್ದಿಲ್ಲದೆ ನುಗ್ಗಿ ಬೀಸಿದ. ರಾಕೆಟ್ಟಿನ ಅಂಚು ಹುಬ್ಬಿಗೆ ತಾಗಿ, ಕನ್ನಡಕ ಹಾರಿ, ಒಂದು ಗಾಜು ನೆಲದ ಮೇಲೆ ಚೂರಾಯಿತು. ಕನ್ನಡಕದವನು ಹುಬ್ಬು ಒತ್ತಿಕೊಂಡ. ಆಮೇಲೆ ಬಗ್ಗಿ, ನೆಲ ತಡವಿ, ಉಳಿದ ಗಾಜಿನ ಕನ್ನಡಕವನ್ನು ಎತ್ತಿಕೊಂಡ.

"ನೀವು ಸಿಂಗಲ್ಸ್ ಆಡಿ" ಎಂದ. "ನಿಮಗೆ ಅದೇ ಸರಿ."

ಅಂಕಣ ದಾಟಿ ಹೊರಟುಹೋದ.

ದರ್ಜಿಗೆ ಸಿಂಗಲ್ಸ್ ಎಂದದ್ದು ತಟ್ಟಲಿಲ್ಲ. ತಟ್ಟಿದ್ದು ‘ನೀವು’. ಮೂವತ್ತು ವರ್ಷ ಲೋ, ಕಣೋ, ನೀನು, ಮುಠ್ಠಾಳ ಎಂದು ಕರೆದ ಬಾಯಲ್ಲಿ ನೀವು! ಜನ ಏಕವಚನದಲ್ಲಿ ಮಾತಾಡಿಸಿದರೆಂದು ಬೇಜಾರು ಮಾಡಿಕೊಳ್ಳುವುದುಂಟು, ಕೋರ್ಟಿಗೆ ಹೋದವರೂ ಉಂಟು. ಈ ದರ್ಜಿ ಮಾತ್ರ ಬಹುವಚನ ಕೇಳಿ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲೆ ತಲೆ ಇಟ್ಟು ಕೂತ. ಅಷ್ಟು ಮರ್ಯಾದೆ ಅವನ ಮೈಗೆ ಆಗಿಬರಲಿಲ್ಲ.

"ಹೊಡೆದವರು ನೀವು, ಹೋಗಿ ತಪ್ಪಾಯ್ತು ಅನ್ರೀ" ಎಂದಳು ಹೆಂಡತಿ.

"ಅವನಿಗೋಸ್ಕರ ಓಡಿ ಓಡಿ ನನ್ನ ಮಂಡಿ ಹೋಗಿದೆ. ತಪ್ಪು ನಂದಾ?"

ಹೀಗೆ ವಾರಗಳು ತಿಂಗಳಾದವು. ಬೀದಿ ಅಗಲ ಇಪ್ಪತ್ತು ಹೆಜ್ಜೆಯೂ ಇಲ್ಲ, ಎರಡು ಅಂಗಡಿಯೂ ಎದುರುಬದುರು. ತಾನು ಹೊರಗೆ ಬಂದರೆ ಅವನು ಒಳಗೆ ಹೋಗುತ್ತಾನೆ ಎಂದು ದರ್ಜಿಯ ದೂರು. ಹಾಲಿನಲ್ಲಿ ಹಲ್ಲಿನ ಡಾಕ್ಟರು ಪಾಪ ಜೊತೆಗೆ ಆಡುತ್ತೇನೆಂದು ಬಂದರು. ಅವರು ಪ್ರತಿ ಶಟಲ್ಲಿಗೂ "ಸಾರಿ" ಎನ್ನುವವರು. ನಂದೂ ಇಲ್ಲ, ನಿಂದೂ ಇಲ್ಲ, ಎಲ್ಲಾ ಸಾರಿ. ಎರಡೇ ದಿನಕ್ಕೆ ದರ್ಜಿ ಮಂಡಿ ನೋವಿನ ನೆಪ ಹೇಳಿದ.

ಕೊನೆಗೆ ಒಂದು ದಿನ ಧೈರ್ಯ ಮಾಡಿ ಬೀದಿ ದಾಟಿದ. ಕ್ಷಮೆ ಕೇಳಲು ಎಂದರೆ ತಪ್ಪಾದೀತು. ಕಣ್ಣು ಪರೀಕ್ಷೆ ಮಾಡಿಸಲು ಎಂದು ತನಗೇ ಹೇಳಿಕೊಂಡಿದ್ದ. ಬರುವಾಗ ಟೀ ಅಂಗಡಿಯಿಂದ ಎರಡು ಲೋಟ ಟೀ ಹಿಡಿದುಕೊಂಡಿದ್ದ, ಅದು ಪರೀಕ್ಷೆಗೆ ಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಕನ್ನಡಕದವನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಒಂದು ಫ್ರೇಮಿನ ಸಣ್ಣ ತಿರುಪನ್ನು ಬಿಗಿ ಮಾಡುತ್ತಿದ್ದ. ಸೂಜಿಯ ಮೊನೆಯಷ್ಟಿದ್ದ ತಿರುಪು, ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ದರ್ಜಿ ಪಕ್ಕದಿಂದ ಟೀ ಲೋಟ ಚಾಚಿದ. ಕನ್ನಡಕದವನು ಒರೆಸುವ ಬಟ್ಟೆಗೆಂದು ಕೈ ಆಡಿಸಿದವನು ಲೋಟಕ್ಕೆ ನೇರವಾಗಿ ಹೊಡೆದ. ಟೀ ಗಾಜಿನ ಮೇಜಿನ ಮೇಲೆಲ್ಲ ಹರಿಯಿತು.

ಟೀ ಚೆಲ್ಲುವಷ್ಟು ಸಿಟ್ಟೇ! ದರ್ಜಿಯ ಮುಖ ಸಣ್ಣದಾಯಿತು.

"ಓ, ನೀವಾ?" ಎಂದ ಕನ್ನಡಕದವನು, ಮೇಜು ಒರೆಸುತ್ತ. "ಕೂತ್ಕೊಳ್ಳಿ. ಏನಾಗ್ಬೇಕಿತ್ತು?"

ಗಿರಾಕಿಯನ್ನು ಕೇಳುವ ಹಾಗೆ ಕೇಳಿದ. ಪರೀಕ್ಷೆಯ ಕುರ್ಚಿಯ ಮೇಲೆ ಕೂರಿಸಿ, ಗೋಡೆಯ ಅಕ್ಷರ ಓದಿಸಿದ. ಗಾಜು ಬದಲಾಯಿಸುತ್ತ "ಇದು ಸರೀನಾ, ಇದು ಸರೀನಾ? ಈಗ ಹೇಗೆ ಕಾಣ್ತಿದೆ ನಿಮಗೆ?" ಎಂದ. ನಿಮಗೆ, ನಿಮ್ಮ, ನೀವು. ಒಂದೊಂದೂ ಉಗುರಿನ ಕೆಳಗೆ ಸೂಜಿ ಚುಚ್ಚಿದ ಹಾಗೆ, ದರ್ಜಿಯಾದವನಿಗೆ ಆ ನೋವು ಎಂಥದೆಂದು ಗೊತ್ತು. ಒಂದೇ ಒಂದು ಸಲ ‘ಲೋ’ ಎಂದರೆ ಎದ್ದು ಕಾಲು ಹಿಡಿದುಬಿಡುತ್ತೇನೆ ಎಂದು ಅವನಿಗೆ ಅನ್ನಿಸಿತು. ಕನ್ನಡಕದವನು ಅನ್ನಲಿಲ್ಲ.

"ನಿಮ್ಮ ಕಣ್ಣು ಚೆನ್ನಾಗಿದೆ" ಎಂದ. "ನಿಮಗೆ ಏನೂ ಬೇಕಾಗಿಲ್ಲ."

ದರ್ಜಿ ಮನೆಗೆ ಬಂದವನು ಊಟಕ್ಕೆ ಕೂರಲಿಲ್ಲ. "ಸಿಂಗಲ್ಸ್ ಆಡಿ ಅಂದ್ನಲ್ಲ" ಎಂದ ಹೆಂಡತಿಗೆ. "ಈ ಸಲದ ಪಂದ್ಯದಲ್ಲಿ ಆಡೇ ತೋರಿಸ್ತೀನಿ."

"ಯಾರಿಗೆ?"

ಮಾರನೆಯ ದಿನ ಇವನು ನೂಲು ತರಲು ಹೋದಾಗ ಹೆಂಡತಿ ಸೆರಗು ಸರಿಪಡಿಸಿಕೊಂಡು ಬೀದಿ ದಾಟಿದಳು. "ಅಣ್ಣ, ನಿಮ್ಮ ಗೆಳೆಯರು ಸಿಂಗಲ್ಸ್ ಆಡ್ತಾರಂತೆ. ನಗೋಕಾದ್ರೂ ಬನ್ನಿ" ಎಂದು ಹೇಳಿ, ಉತ್ತರಕ್ಕೂ ಕಾಯದೆ ಬಂದು ಕಾಜಾ ಕಟ್ಟಲು ಕೂತಳು.

ಹಾಲಿನ ವಾರ್ಷಿಕ ಪಂದ್ಯದ ಮೊದಲ ದಿನ ಸಿಂಗಲ್ಸ್. ಎದುರಾಳಿ ಹಲ್ಲಿನ ಡಾಕ್ಟರ ಮಗಳು, ಕಾಲೇಜಿಗೆ ಹೋಗುವ ಹುಡುಗಿ. ಬೆಂಚುಗಳು ತುಂಬಿದ್ದವು. ಡಬಲ್ಸ್ ಸಿಂಗಲ್ಸ್ ಆಡುತ್ತದೆ ಎಂಬ ಸುದ್ದಿಗೆ ಇಸ್ತ್ರಿ ಅಂಗಡಿಯವನು ಅಂಗಡಿಯನ್ನೇ ಮುಚ್ಚಿ ಬಂದಿದ್ದ. ಹಿಂದಿನ ಬೆಂಚಿನ ತುದಿಯಲ್ಲಿ ಕನ್ನಡಕದವನು ಕೂತಿದ್ದ. ದರ್ಜಿ ನೋಡಿಯೂ ನೋಡದವನಂತೆ ಬೂಟಿನ ದಾರ ಬಿಗಿದ.

ಆಟ ಶುರುವಾಯಿತು. ಮೊದಲ ಶಟಲ್ ದರ್ಜಿಯ ಬಲಕ್ಕೆ ಬಂತು, ಚೆನ್ನಾಗಿಯೇ ಹೊಡೆದ. ಎರಡನೆಯದೂ ಬಲಕ್ಕೇ. ಆಮೇಲೆ ಹುಡುಗಿಗೆ ಏನೋ ವಿಚಿತ್ರ ಕಂಡಿತು. ಈ ಅಂಕಲ್ ಅಂಕಣದ ನಡುವೆ ನಿಂತಿಲ್ಲ, ಬಲಗಡೆಯ ಅರ್ಧದಲ್ಲಿ ನಿಂತಿದ್ದಾರೆ. ಎಡಗಡೆ ಪೂರ್ತಿ ಖಾಲಿ, ಯಾರೋ ಬರಬೇಕಾಗಿದೆ ಎಂದು ಜಾಗ ಹಿಡಿದಿಟ್ಟ ಹಾಗೆ. ಹುಡುಗಿ ಶಟಲ್ಲನ್ನು ಎತ್ತಿ ಆ ಖಾಲಿ ಜಾಗದ ಮೇಲೆ ಹಾರಿಸಿದಳು. ದರ್ಜಿ ತಲೆ ಎತ್ತಿ ನೋಡಿದ. ಓಡಿದ್ದರೆ ಸಿಗುತ್ತಿತ್ತು. ಓಡಲಿಲ್ಲ. ಹಾಲೆಲ್ಲ ನಡುಗುವ ಹಾಗೆ ಕೂಗಿದ.

"ನಿಂದು! ಮೇಲೆ! ನಿಂದು!"

ಶಟಲ್ ನಿಧಾನವಾಗಿ ಇಳಿದು ಖಾಲಿ ನೆಲದ ಮೇಲೆ ಟಪ್ಪೆಂದು ಬಿತ್ತು.

ಹುಡುಗಿ ಬಲೆಯ ಹತ್ತಿರ ಬಂದು ಇಣುಕಿದಳು. "ಅಂಕಲ್, ಯಾರಿಗೆ ಹೇಳಿದ್ರಿ?"

ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇಸ್ತ್ರಿಯವನು ಹೊಟ್ಟೆ ಹಿಡಿದುಕೊಂಡು ಬೆಂಚಿನಿಂದ ಜಾರಿದ. ದರ್ಜಿಯೂ ಹಲ್ಲು ಕಿರಿದ, ಇಂಗು ತಿಂದ ಮಂಗನ ಹಾಗೆ. ಹಿಂದಿನ ಬೆಂಚಿನ ತುದಿಯಲ್ಲಿ ಮಾತ್ರ ಒಬ್ಬ ನಗಲಿಲ್ಲ. ಆ ಕೂಗಿಗೆ ಅವನ ತಲೆ ತಟಕ್ಕನೆ ಮೇಲೆದ್ದು ಮಾಡಿನ ಕಡೆ ತಿರುಗಿತ್ತು, ಬಲಗೈ ಹೆಗಲಿನವರೆಗೂ ಎದ್ದು ನಿಂತಿತ್ತು.

ಆಟವನ್ನು ದರ್ಜಿ ಹೇಗೆ ಸೋತ ಎಂದು ಹೇಳುವುದು ಬೇಡ, ಅವನಿಗೂ ಮಕ್ಕಳು ಮರಿ ಇದ್ದಾರೆ. ಮುಗಿದ ಮೇಲೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗಿನ ಓಣಿಗೆ ಬಂದ. ಅಲ್ಲಿ ಚಪ್ಪಲಿಗಳ ಸಾಲಿನ ಮುಂದೆ ಕನ್ನಡಕದವನು ನಿಂತಿದ್ದ. ಒಂದು ಕಾಲಿಗೆ ಚಪ್ಪಲಿ ಸಿಕ್ಕಿತ್ತು. ಇನ್ನೊಂದು ಕಾಲು ನೆಲದ ಮೇಲೆ ಅತ್ತ ಇತ್ತ ತಡಕಾಡುತ್ತಿತ್ತು. ಎಡ ಚಪ್ಪಲಿ ಅವನ ಪಾದದಿಂದ ಒಂದು ಗೇಣಿನಲ್ಲೇ ಬಿದ್ದಿತ್ತು. ಅವನು ನೇರ ಕೆಳಗೆ ನೋಡುತ್ತಿದ್ದ, ಅದು ಕಾಣುತ್ತಿರಲಿಲ್ಲ.

ಚೆಲ್ಲಿದ ಟೀ, ಪಕ್ಕಕ್ಕೆ ಬಿದ್ದ ಶಟಲ್ಲುಗಳು, ನೆಲ ತಡವಿದ ಕೈ, ಎಲ್ಲಾ ಒಟ್ಟಿಗೆ ದರ್ಜಿಯ ತಲೆಗೆ ಬಂದವು. ಜಗತ್ತಿಗೆಲ್ಲ ಕಣ್ಣು ಸರಿ ಮಾಡುವವನು. ದೀಪದ ಬುಡದಲ್ಲೇ ಕತ್ತಲೆ.

"ಎಡಕ್ಕೆ" ಎಂದ ಮೆಲ್ಲಗೆ. "ಇನ್ನೊಂದು ಚೂರು ಎಡಕ್ಕೆ."

ಕನ್ನಡಕದವನ ಕಾಲು ಸರಿದು ಚಪ್ಪಲಿಯೊಳಗೆ ಹೊಕ್ಕಿತು. ಅವನು ತಲೆ ಎತ್ತಲಿಲ್ಲ.

"ಎಷ್ಟು ದಿನದಿಂದ?" ಎಂದ ದರ್ಜಿ.

"ಬಹಳ ದಿನ ಆಯ್ತು. ಕಣ್ಣಿನ ಒಳಗಿನ ಒತ್ತಡ. ಎದುರಿಗಿಟ್ಟಿದ್ದು ಕಾಣುತ್ತೆ, ಸುತ್ತಲಿನ ನೋಟ ಹೋಗ್ತಾ ಬರುತ್ತೆ. ಕೊಳವೆ ಒಳಗಿಂದ ನೋಡಿದ ಹಾಗೆ. ಔಷಧಿ ಹನಿ ಹಾಕ್ತಿದೀನಿ. ಇರೋದು ಉಳಿಯುತ್ತೆ ಅಂದಿದಾರೆ, ಹೋಗಿದ್ದು ಬರಲ್ಲ."

"ಮತ್ತೆ ಆಡ್ತಿದ್ಯಲ್ಲ? ನನಗೆ ಏನೂ ಗೊತ್ತಾಗ್ದೇ ಇರೋ ಹಾಗೆ?"

"ನೀವು ಕೂಗ್ತಿದ್ರಲ್ಲ" ಎಂದ ಕನ್ನಡಕದವನು. "ಮೇಲೆ ಅಂದ್ರೆ ಮೇಲೆ ನೋಡ್ತಿದ್ದೆ, ಎಡಕ್ಕೆ ಅಂದ್ರೆ ಎಡಕ್ಕೆ. ಆ ಕಡೆ ತಿರುಗಿದ್ರೆ ಕಾಣುತ್ತೆ. ಎಷ್ಟೋ ದಿನ ನಿಮ್ಮ ಬಾಯಿ ಹಿಡ್ಕೊಂಡೇ ಆಡಿದೀನಿ. ಒಂದೆರಡು ತಪ್ಪಿದ್ವು, ನಿಜ. ಆಮೇಲೆ ಒಂದು ದಿನ ನೀವು ಬಾಯಿ ಮುಚ್ಚಿದ್ರಿ. ಕರೆಂಟು ಹೋದ ಹಾಗಾಯ್ತು ನನಗೆ."

ಓಣಿಯಲ್ಲಿ ಯಾರೋ ನಗುತ್ತ ಹಾದುಹೋದರು. ದರ್ಜಿ ದನಿ ಇಳಿಸಿದ.

"ಹೇಳ್ಬಾರ್ದಿತ್ತಾ?"

"ಕನ್ನಡಕ ಮಾರೋನಿಗೆ ಕಣ್ಣಿಲ್ಲ ಅಂತ ಬೀದಿಗೆ ಹೇಳ್ಲಾ? ನಿಮಗೆ ಗೊತ್ತಾಗಿದೆ ಅಂದ್ಕೊಂಡೆ. ಗೊತ್ತಾಗಿ, ಕರುಣೆಗೆ, ಇವನು ಮೂಲೇಲಿ ನಿಂತಿರ್ಲಿ ಪಾಪ ಅಂತ ಬಿಟ್ಟಿದೀರಿ ಅಂದ್ಕೊಂಡೆ."

"ನನಗೆ ಎಲ್ಲಿ ಗೊತ್ತಿತ್ತು? ನಿನಗೆ ವಯಸ್ಸಾಯ್ತು ಅಂದ್ಕೊಂಡಿದ್ದೆ."

"ಅದು ಇನ್ನೂ ಕೆಟ್ಟದ್ದು" ಎಂದ ಕನ್ನಡಕದವನು. ತುಟಿಯ ತುದಿಯಲ್ಲಿ ಒಂಚೂರು ನಗುವಿತ್ತು. ಆದರೆ ನೀವು ಎನ್ನುವುದು ಹೋಗಿರಲಿಲ್ಲ. ಗೋಡೆ ಬಿದ್ದರೂ ಪಾಯ ಹಾಗೇ ಇತ್ತು.

"ನಾಳೆ ಡಬಲ್ಸಿಗೆ ಹೆಸರು ಕೊಡ್ತೀನಿ" ಎಂದ ದರ್ಜಿ. "ಇಬ್ರದ್ದೂ."

"ಸೋಲ್ತೀವಿ."

"ಗೊತ್ತು."

"ನೀವು ನನ್ನ ಶಟಲ್ ತಗೋಬಾರ್ದು. ನಂದು ನನಗೆ ಬಿಡ್ಬೇಕು. ಬಿದ್ರೂ ಪರವಾಗಿಲ್ಲ. ಆಗುತ್ತಾ ನಿಮ್ಮ ಕೈಲಿ?"

ಆಗುತ್ತದೆ ಎಂದು ದರ್ಜಿ ತಲೆಯಾಡಿಸಿದ. ಆಮೇಲೆ ಕತ್ತಲೆ ಓಣಿಯಲ್ಲಿ ಪಕ್ಕದಲ್ಲಿ ನಿಂತವನು ತಲೆಯಾಡಿಸಿದರೆ ಅವನಿಗೆ ಹೇಗೆ ಕಾಣಬೇಕು ಎಂದು ಹೊಳೆದು, "ಆಗುತ್ತೆ" ಎಂದು ಬಾಯಿಬಿಟ್ಟು ಹೇಳಿದ.

ಆಗುತ್ತೆ ಎನ್ನುವುದು ಸುಲಭ. ಮಾರನೆಯ ದಿನ ಎದುರಿಗೆ ಬಂದವರು ಬಣ್ಣದಂಗಡಿಯ ಅಣ್ಣತಮ್ಮಂದಿರು, ಇಬ್ಬರದ್ದೂ ಕಬ್ಬಿಣದಂಥ ತೋಳು. ಮೊದಲ ಏಟಿಗೇ ದರ್ಜಿ ಕೊಟ್ಟ ಮಾತು ಮರೆತ. ಕನ್ನಡಕದವನ ಪಾಲಿನದಕ್ಕೆ ಸದ್ದಿಲ್ಲದೆ ನುಗ್ಗಿ ಹೊಡೆದ, ಪಾಯಿಂಟೂ ಬಂತು, ಬೆಂಚಿನವರು ಚಪ್ಪಾಳೆಯನ್ನೂ ತಟ್ಟಿದರು. ಕನ್ನಡಕದವನು ರಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತುಬಿಟ್ಟ.

"ಬಾಯಿ ತೆಗೀರಿ" ಎಂದ. "ಇಲ್ದಿದ್ರೆ ನಾನು ಹೊರಟೆ."

ದರ್ಜಿ ಬಾಯಿ ತೆಗೆದ. ಆಮೇಲೆ ಮುಚ್ಚಲಿಲ್ಲ. "ನಿಂದು, ಮೇಲೆ! ಹಿಂದೆ, ಎರಡು ಹೆಜ್ಜೆ! ನಂದು! ನಿಂದು, ಬಲಕ್ಕೆ, ಕೆಳಗೆ!" ಗಂಟಲು ಹರಿಯುವ ಹಾಗೆ ಕೂಗಿದ. ಕೂಗುವುದೇನೂ ಅವನಿಗೆ ಕಷ್ಟವಲ್ಲ, ಹುಟ್ಟುಗುಣ. ಕಷ್ಟವಾದದ್ದು ಕೂಗಿದ ಮೇಲೆ ಸುಮ್ಮನೆ ನಿಲ್ಲುವುದು. ತನಗೆ ಸಿಗುವ ಶಟಲ್ ಕಣ್ಣೆದುರೇ ಇಳಿಯುತ್ತದೆ, ಗೆಳೆಯನ ತಲೆ ಅದನ್ನು ಹುಡುಕುತ್ತ ತಿರುಗುತ್ತದೆ, ಒಮ್ಮೊಮ್ಮೆ ಸಿಗುತ್ತದೆ, ಹೆಚ್ಚು ಸಲ ಸಿಗುವುದಿಲ್ಲ. ಪ್ರತಿ ಸಲವೂ ದರ್ಜಿಯ ಕೈ ತಾನಾಗಿಯೇ ಮೇಲೇಳುತ್ತಿತ್ತು. ಕೊನೆಕೊನೆಗೆ ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದು ಕೆಳಗೆಳೆದುಕೊಂಡು ನಿಂತ. ಸಿಂಗಲ್ಸ್ ಸೋಲಿಗೆ ನಕ್ಕಿದ್ದ ಬೆಂಚುಗಳಿಗೆ ಇದು ಯಾವ ಹೊಸ ಹುಚ್ಚು ಎಂದು ಅರ್ಥವಾಗಲಿಲ್ಲ. ಅವನ ಹೆಂಡತಿ ಮಾತ್ರ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು.

ಆಟ ಕೈಬಿಟ್ಟು ಹೋಗಿತ್ತು. ಬಣ್ಣದಂಗಡಿಯವರಿಗೆ ಒಂದೇ ಪಾಯಿಂಟು ಬೇಕಾಗಿತ್ತು. ತಮ್ಮನಾದವನು ಹೊಡೆದ ಶಟಲ್ ಅಳತೆ ತಪ್ಪಿ, ಬಲೆಯ ಈಚೆ ಎತ್ತರದಲ್ಲಿ, ನಡುಗೆರೆಯ ಒಂದು ಗೇಣು ಎಡಕ್ಕೆ ತೇಲಿ ಬಂತು. ಎಳೆ ಮಗುವೂ ಹೊಡೆಯಬಹುದಾದ ಶಟಲ್. ದರ್ಜಿಯ ಮೂಗಿನ ನೇರಕ್ಕೇ ಇತ್ತು, ಆದರೆ ಗೆರೆಯ ಆ ಕಡೆಗಿತ್ತು. ಅವನ ಕೈ ಹೆಗಲ ತನಕ ಎದ್ದಿತು. ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಅವನು ಅದನ್ನು ಇಳಿಸಿ, ಪಕ್ಕಕ್ಕೆ ಸರಿದು, ಜಾಗ ಬಿಟ್ಟು ಕೂಗಿದ.

"ನಿಂದು! ಮೇಲೆ! ಮುಂದೆ!"

ಕನ್ನಡಕದವನ ತಲೆ ಮೇಲೆದ್ದು, ಬಲಕ್ಕೆ ತಿರುಗಿ, ಶಟಲ್ಲನ್ನು ಹಿಡಿದುಕೊಂಡಿತು. ರಾಕೆಟ್ಟು ಬೀಸಿದ. ತಂತಿಗೆ ತಾಗಲಿಲ್ಲ, ಚೌಕಟ್ಟಿಗೆ ತಾಗಿತು. ಶಟಲ್ ಬಲೆಯ ಪಟ್ಟಿಯವರೆಗೂ ಹೋಗಿ, ಅಲ್ಲಿ ಒಂದು ಗಳಿಗೆ ಆಚೆಗೋ ಈಚೆಗೋ ಎಂದು ಯೋಚಿಸಿ, ಈಚೆಗೇ ಬಿತ್ತು.

ಆಟ ಮುಗಿಯಿತು. ಬಣ್ಣದಂಗಡಿಯವರು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಕನ್ನಡಕದವನು ಸೊಂಟದ ಮೇಲೆ ಕೈ ಇಟ್ಟುಕೊಂಡು, ಕೆಂಡದಂಥ ಮುಖ ಮಾಡಿಕೊಂಡು, ದರ್ಜಿ ನಿಂತ ಕಡೆಗೆ ಪೂರ್ತಿಯಾಗಿ ತಿರುಗಿದ.

"ಲೋ ಮುಠ್ಠಾಳ! ಇಷ್ಟು ತಡವಾಗಿ ಕೂಗ್ತೀಯಲ್ಲೋ! ಇನ್ನೊಂದು ಚೂರು ಮುಂಚೆ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ತಡವಾಗಿ ಕೂಗಿದೆ ಎಂಬುದನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಒಪ್ಪದ ಮನುಷ್ಯ, ಗೆದ್ದ ಬಣ್ಣದಂಗಡಿಯವರ ಮುಂದೆ, ಬೆಂಚಿನವರ ಮುಂದೆ, ಹೆಂಡತಿಯ ಮುಂದೆ ಕಣ್ಣೊರೆಸಿಕೊಂಡ.

"ಹೌದು ಕಣೋ" ಎಂದ. "ಬಹಳ ತಡ ಮಾಡ್ಬಿಟ್ಟೆ."